ಇಥಿಯೋಪಿಯಾದ ಜಿಮ್ಮಾಕ್ಕೆ ಪಾಠ ಹೇಳಲು ಹೊರಟಿದ್ದೇನೆ: ಊಟ, ಮನೆ, ದಿನಚರಿ ಹೇಗೆ?

ಗಣಿತದ ಮೇಡಂ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಇಥಿಯೋಪಿಯಾದ ಜಿಮ್ಮಾ ಊರಿನಲ್ಲಿ ಪದವಿ ತರಗತಿಗಳಿಗೆ ಗಣಿತ ಪಾಠ ಹೇಳುವ ಕೆಲಸ ಸಿಕ್ಕಿದೆ. ಎರಡು ವರ್ಷದ ಕರಾರು, ಸೆಪ್ಟೆಂಬರ್ ಕೊನೆಗೆ ಹೊರಡಬೇಕು. ನಮ್ಮ ಯಜಮಾನರು, ಮಗಳು ಮಂಡ್ಯದಲ್ಲೇ ಇರುತ್ತಾರೆ. ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ.

ವೀಸಾ, ಪ್ರಮಾಣಪತ್ರಗಳ ದೃಢೀಕರಣ ಇವೆಲ್ಲ ನಡೆಯುತ್ತಿವೆ. ನನಗೆ ತಿಳಿಯಬೇಕಾಗಿರುವುದು ಅಲ್ಲಿ ದಿನ ಹೇಗೆ ಸಾಗುತ್ತೆ ಅನ್ನುವುದು. ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ, ನಮ್ಮ ಮನೆಯ ಪದ್ಧತಿ ಇಷ್ಟೇ. ಅತ್ತೆಯವರು ಆಗಲೇ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ, ಸಾರಿನ ಪುಡಿ, ಹುಣಸೆಹಣ್ಣು ಅಂತ ಪಟ್ಟಿ ಬರೆಯುತ್ತಿದ್ದಾರೆ. ಯಜಮಾನರು "ಅಷ್ಟೆಲ್ಲ ಹೊತ್ಕೊಂಡು ಹೋಗಬೇಡ, ಅಲ್ಲೂ ಜನ ಊಟ ಮಾಡ್ತಾರೆ" ಅನ್ನುತ್ತಾರೆ. ಅಲ್ಲಿ ಇದ್ದು ಬಂದವರು ಹೇಳಿದರೆ ಮನಸ್ಸಿಗೆ ಧೈರ್ಯ.

ಸರಸ್ವತಿಪುರಂ ಮೇಷ್ಟ್ರು

ಮೇಡಂ, ಮೊದಲು ಅಭಿನಂದನೆ. ನಾನು ಅದೇ ಊರಿನಲ್ಲಿ ಪಾಠ ಮಾಡಿದವನು, ಈಗ ಮೈಸೂರಿಗೆ ಮರಳಿದ್ದೇನೆ. ಭಾರತದ ಮೇಷ್ಟ್ರುಗಳು ಇಥಿಯೋಪಿಯಾಕ್ಕೆ ಹೋಗುವುದು ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದ ನಡೆದು ಬಂದಿದೆ. ವಯಸ್ಸಾದವರು ಯಾರಾದರೂ ಸಿಕ್ಕಿದರೆ "ನನಗೆ ಶಾಲೆಯಲ್ಲಿ ಗಣಿತ ಕಲಿಸಿದ್ದು ಇಂಡಿಯಾದವರು" ಅಂತ ಕೈ ಹಿಡಿದು ಮಾತಾಡಿಸುತ್ತಾರೆ. ಆ ಗೌರವ ನಿಮಗೂ ಸಿಗುತ್ತೆ.

ಊಟದ ವಿಷಯಕ್ಕೆ ಬರುತ್ತೇನೆ. ಮಾಂಸ ತಿನ್ನದವರಿಗೆ ಆಫ್ರಿಕಾದಲ್ಲಿ ಇಷ್ಟು ಒಗ್ಗುವ ದೇಶ ನನಗೆ ತಿಳಿದಂತೆ ಇನ್ನೊಂದಿಲ್ಲ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ 55 ದಿನದ ದೊಡ್ಡ ಉಪವಾಸ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಮುಟ್ಟುವುದಿಲ್ಲ. ಹೋಟೆಲಿನವನಿಗೆ "ಯೆತ್ಸೋಮ್ ಬೆಯಾಯ್ನೆತು" ಅಂದರೆ ಸಾಕು, ಉಪವಾಸದ ಊಟದ ತಟ್ಟೆ ಬರುತ್ತೆ: ಅಗಲವಾದ ಇಂಜೆರಾ, ಅದರ ಮೇಲೆ ಕೆಂಪು ಮಸೂರದ ಖಾರದ ಗೊಜ್ಜು, ಹಳದಿ ಬಟಾಣಿ ಬೇಳೆಯ ಸಪ್ಪೆ ಗೊಜ್ಜು, ಬೇಯಿಸಿದ ಸೊಪ್ಪು, ಕೋಸು ಕ್ಯಾರೆಟ್ ಆಲೂಗಡ್ಡೆಯ ಪಲ್ಯ, ಬೀಟ್ರೂಟ್.

ಇಂಜೆರಾ ಮಾಡುವುದು ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟಿನಿಂದ. ರಾಗಿಗಿಂತಲೂ ಸಣ್ಣ ಕಾಳು. ಹಿಂದಿನ ಹಿಟ್ಟಿನ ಹುಳಿನೀರು ಸೇರಿಸಿ ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಒಂದೇ ಬದಿ ಬೇಯಿಸುತ್ತಾರೆ. ಹುಳಿ ಬಂದ ದೋಸೆ ತಿಂದ ನಾಲಿಗೆಗೆ ಹೊಸದೇನೂ ಅನ್ನಿಸದು, ಆದರೆ ಹುಳಿ ಜಾಸ್ತಿ. ಮೊದಲ ವಾರ ಕೆಲವರಿಗೆ ಹೊಟ್ಟೆ ಉರಿ ಬರುತ್ತೆ, ಸ್ವಲ್ಪ ಸ್ವಲ್ಪ ತಿನ್ನಿ.

ಒಂದು ಎಚ್ಚರ ಹೇಳಿಬಿಡುತ್ತೇನೆ. ಕಡಲೆ ಹಿಟ್ಟಿನ ಗೊಜ್ಜಿಗೆ ಶಿರೋ ಅನ್ನುತ್ತಾರೆ, ಬಿಸಿಬಿಸಿ ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ತಂದಿಡುತ್ತಾರೆ, ತುಂಬಾ ರುಚಿ. ಆದರೆ "ಬೋಜೆನಾ ಶಿರೋ" ಅಂದರೆ ಅದರೊಳಗೆ ದನದ ಮಾಂಸದ ತುಂಡು ಇರುತ್ತೆ. ಪಟ್ಟಿಯಲ್ಲಿ ಶಿರೋ ಅಂತ ಕಂಡ ತಕ್ಷಣ ಹೇಳಿಬಿಡಬೇಡಿ, ಉಪವಾಸ ಅನ್ನುವ ಅರ್ಥದ "ತ್ಸೋಮ್" ಸೇರಿಸಿ ಕೇಳಿ.

ನಿಮ್ಮ ಯಜಮಾನರ ಮಾತು ನನ್ನ ಮಾತೂ ಹೌದು. ಮೊದಲ ತಿಂಗಳು ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಒಯ್ಯಬೇಡಿ. ವಿಭಾಗದವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಹೋಗಿ. ಅಲ್ಲಿ ಒಂದೇ ದೊಡ್ಡ ತಟ್ಟೆಯಲ್ಲಿ ನಾಲ್ಕೈದು ಜನ ಕೈ ಹಾಕಿ ಉಣ್ಣುತ್ತಾರೆ. ಯಾರಾದರೂ ಪ್ರೀತಿಯಿಂದ ತುತ್ತು ಮಾಡಿ ನಿಮ್ಮ ಬಾಯಿಗೇ ಇಡುತ್ತಾರೆ, ಬೇಡ ಅನ್ನಬಾರದು. ಡಬ್ಬಿ ಬಿಚ್ಚಿಕೊಂಡು ಕೋಣೆಯಲ್ಲಿ ಒಬ್ಬರೇ ಕೂತ ಭಾರತೀಯ ಮೇಷ್ಟ್ರುಗಳನ್ನು ನೋಡಿದ್ದೇನೆ. ವರ್ಷ ಕಳೆದರೂ ಅವರಿಗೆ ಊರು ಪರಕೀಯವಾಗಿಯೇ ಇತ್ತು.

ಪಾಂಡವಪುರದ ಹೈದ

ಮೇಷ್ಟ್ರು ಏಳಿದ್ದು ಸರಿನೇ, ಆದ್ರೂ ಅಕ್ಕಾ, ನೀವು ಹಿಟ್ಟು ತಗೊಂಡೋಗಿ. ನಮ್ ಹೊಟ್ಟೆ ಹಿಟ್ಟಿಲ್ದೆ ನಿಲ್ಲಕಿಲ್ಲ. ಕ್ಲಾಸಲ್ಲಿ ನಿಂತ್ಕಂಡು ಪಾಠ ಏಳ್ಬೇಕಾದೋರು ನೀವು, ಹೊಟ್ಟೆ ಸರಿ ಇಲ್ದಿದ್ರೆ ತಲೆ ಓಡ್ತದಾ?

ನಮ್ಮಣ್ಣ ಇಂಜಿನಿಯರಿಂಗ್ ಮೇಷ್ಟ್ರು, ಮುಂಚೆ ಬಹಿರ್ ದಾರ್ ಕಡೆ ಇದ್ದ. ತಾನಾ ಸರೋವರ ಐತಲ್ಲ, ನೀಲ ನೈಲ್ ನದಿ ಹೊರಡೋ ಜಾಗ, ಆ ಊರು. ಅಲ್ಲಿ ಸಂತೇಲಿ ಮೂಟೆ ಬಾಯಿ ಬಿಚ್ಚಿಟ್ಟಿದ್ರಂತೆ, ನೋಡುದ್ರೆ ರಾಗಿ! ದಾಗುಸ ಅಂತಾರಂತೆ. ಅಲ್ಲೋರು ಅದನ್ನ ಟೆಫ್ ಜೊತೆ ಬೆರೆಸಿ ಇಂಜೆರಾ ಮಾಡ್ತಾರೆ, ಮನೇಲಿ ಬೀರ್ ಥರ ಒಂದು ಕುಡಿಯೋದನ್ನೂ ಕಾಯಿಸ್ತಾರೆ. ಅಣ್ಣ ಮಿಲ್ಲಲ್ಲಿ ಬೀಸಿಸ್ಕೊಂಡು ಬಂದು ಹಿಟ್ಟು ತೊಳಸಿದ ದಿವ್ಸ ಅವ್ವನಿಗೆ ವೀಡಿಯೊ ಕಾಲ್ ಮಾಡಿ ತೋರ್ಸಿದ್ದ. ಅವ್ವ "ಅಲ್ಲೂ ರಾಗಿ ಬೆಳೀತಾರಾ ಮಗಾ" ಅಂತ ಕಣ್ಣಲ್ಲಿ ನೀರಾಕಂಡ್ಲು.

ಜಿಮ್ಮಾ ಕಡೆ ಸಿಕ್ತದೋ ಇಲ್ವೋ ನಂಗೊತ್ತಿಲ್ಲ. ಅದಕ್ಕೇ ತಗೊಂಡೋಗಿ ಅಂದಿದ್ದು.

ಗಣಿತದ ಮೇಡಂ, ಮಂಡ್ಯ

ರಾಗಿ ಅಲ್ಲೂ ಇದೆಯಾ! ಈಗಲೇ ಅತ್ತೆಗೆ ಓದಿ ಹೇಳಿದೆ, ನಂಬಲೇ ಇಲ್ಲ. ಯಾರಿಗಾದರೂ ಇದರ ಬಗ್ಗೆ ಹೆಚ್ಚು ಗೊತ್ತಿದ್ದರೆ ಬರೆಯಿರಿ.

ರಾಗಿಹೊಲ

ನಾನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ಇದಕ್ಕೆ ನಾನು ಉತ್ತರ ಕೊಡಲೇಬೇಕು.

ತಾಯಿ, ನಿಮ್ಮ ಅತ್ತೆಯವರಿಗೆ ಹೇಳಿ: ರಾಗಿ ಅಲ್ಲೂ ಇದೆ ಅನ್ನುವುದಕ್ಕಿಂತ ಅಲ್ಲಿಂದಲೇ ಬಂತು ಅನ್ನುವುದು ಸರಿ. ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ಸೀಮೆಯಲ್ಲಿ ಕಾಡುಹುಲ್ಲಿನಿಂದ ರೈತರು ರಾಗಿಯನ್ನು ಬೆಳೆಯಾಗಿ ಪಳಗಿಸಿದರು. ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ಕಡೆ ಬಂತು. ನಿಮ್ಮ ಮನೆಯ ಹುಚ್ಚೆಳ್ಳೂ ಅಲ್ಲಿಯದೇ. ಇಥಿಯೋಪಿಯಾದಲ್ಲಿ ಅದಕ್ಕೆ ನೂಗ್ ಅನ್ನುತ್ತಾರೆ, ಅಡುಗೆಗೆ ಅದರ ಎಣ್ಣೆ ಬಳಸುತ್ತಾರೆ.

ಇನ್ನೂ ಹತ್ತಿರದ ಸಂಬಂಧ ಇದೆ. ನಮ್ಮ ಫಾರಂನಲ್ಲೇ ಸಿ.ಎಚ್. ಲಕ್ಷ್ಮಣಯ್ಯನವರು, ಎಲ್ಲರೂ ರಾಗಿ ಲಕ್ಷ್ಮಣಯ್ಯ ಅನ್ನುತ್ತಿದ್ದ ಮಹಾನುಭಾವರು, ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ತಂದರು. ರಾಗಿ ಹೂವು ತೀರಾ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತೆ, ಅದರಲ್ಲಿ ಸಂಕರಣ ಮಾಡುವುದು ಎಷ್ಟು ತಾಳ್ಮೆಯ ಕೆಲಸ ಅಂತ ಹೊಲದಲ್ಲಿ ಕೂತವರಿಗೇ ಗೊತ್ತು. ಇಂಡಾಫ್-5, ಇಂಡಾಫ್-9 ಹೆಸರು ನಿಮ್ಮ ಮಾವನವರು ಕೇಳಿರುತ್ತಾರೆ. ಎಕರೆಗೆ ಬರುತ್ತಿದ್ದ ಇಳುವರಿಯನ್ನೇ ಅವು ಬದಲಾಯಿಸಿದವು. ಮಂಡ್ಯದ ತಟ್ಟೆಯ ಮುದ್ದೆಯಲ್ಲಿ ಆಫ್ರಿಕಾದ ಪಾಲು ಆಗಲೇ ಇದೆ. ನೀವು ಹೋಗುತ್ತಿರುವುದು ರಾಗಿಯ ತವರಿನ ಕಡೆಗೆ. ಧೈರ್ಯವಾಗಿ ಹೋಗಿ ಬನ್ನಿ.

ಒಯ್ಯುವುದಾದರೆ ಹಿಟ್ಟಾಗಿ ಒಯ್ಯಿರಿ, ಬಿತ್ತಿದರೆ ಮೊಳೆಯುವ ಕಾಳು ಬೇಡ. ಒಂದು ದೇಶದ ಬೀಜ ಇನ್ನೊಂದು ದೇಶಕ್ಕೆ ಕೈಚೀಲದಲ್ಲಿ ಹೋಗಬಾರದು, ರೋಗವೂ ಜೊತೆಗೆ ಹೋಗುತ್ತೆ.

ಸರಸ್ವತಿಪುರಂ ಮೇಷ್ಟ್ರು

ರಾಗಿಹೊಲದವರೇ, ಇದನ್ನು ಓದಿ ಬಹಳ ಸಂತೋಷವಾಯಿತು. ಲಕ್ಷ್ಮಣಯ್ಯನವರ ಹೆಸರು ಈಗಿನ ಮಕ್ಕಳಿಗೆ ಪಠ್ಯದಲ್ಲಿ ಬರಬೇಕು.

ಹೈದನ ಮಾತಿಗೆ ಸೇರಿಸುತ್ತೇನೆ. ಜಿಮ್ಮಾದಲ್ಲಿ ಮುದ್ದೆಗೆ ಹತ್ತಿರದ ಊಟವೇ ಇದೆ. ಅಂಹಾರಿಕ್ ಮಾತಾಡುವವರು ಗೆಂಫೊ ಅನ್ನುತ್ತಾರೆ, ಜಿಮ್ಮಾದ ಒರೊಮೊ ಜನ ಮರ್ಕಾ ಅನ್ನುತ್ತಾರೆ. ಕುದಿಯುವ ನೀರಿಗೆ ಬಾರ್ಲಿ ಹಿಟ್ಟು ಹಾಕಿ ಕೋಲಿನಿಂದ ಗಟ್ಟಿಯಾಗಿ ತೊಳಸಿ, ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಮಸಾಲೆ ಬೆಣ್ಣೆ, ಖಾರದಪುಡಿ ತುಂಬುತ್ತಾರೆ. ಅಂಚಿನಿಂದ ಕಿತ್ತು ಗುಳಿಗೆ ಅದ್ದಿ ತಿನ್ನಬೇಕು. ಬಾಣಂತಿಯರಿಗೆ ವಿಶೇಷವಾಗಿ ಕೊಡುತ್ತಾರೆ, ನೋಡಲು ಬಂದ ನೆಂಟರಿಗೂ. ಸಹೋದ್ಯೋಗಿಯೊಬ್ಬರಿಗೆ ಮಗು ಆದಾಗ ಅವರ ಮನೆಯಲ್ಲಿ ತಿಂದೆ. ಆ ಮನೆಯ ಅಜ್ಜಿ ಕೋಲು ಹಿಡಿದು ತೊಳಸುತ್ತಿದ್ದ ರೀತಿ ನಮ್ಮ ಹಳ್ಳಿಯವರದ್ದೇ.

ಕುವೆಂಪುನಗರದ ಅಡುಗೆಮನೆ

ನಾನು ಜಿಮ್ಮಾಕ್ಕೆ ಬೇರೊಬ್ಬ ಮೇಷ್ಟ್ರ ಹೆಂಡತಿಯಾಗಿ ಹೋದವಳು, ಮನೆ ನಡೆಸಿದ್ದು ನಾನು, ಹಾಗಾಗಿ ಗಂಡಸರು ಬರೆಯದ್ದನ್ನು ಬರೆಯುತ್ತೇನೆ.

ಪ್ರೆಷರ್ ಕುಕ್ಕರ್ ಬಿಟ್ಟು ಹೋಗಬೇಡಿ. ಬೇರೆ ಏನು ಬಿಟ್ಟರೂ ಪರವಾಗಿಲ್ಲ. ಜಿಮ್ಮಾ ಸಮುದ್ರಮಟ್ಟದಿಂದ 1,700 ಮೀಟರಿಗಿಂತ ಎತ್ತರದಲ್ಲಿದೆ, ಮಂಡ್ಯಕ್ಕಿಂತ ಸುಮಾರು ಒಂದು ಸಾವಿರ ಮೀಟರ್ ಮೇಲೆ. ಅಲ್ಲಿ ನೀರು ಮೂರು ನಾಲ್ಕು ಡಿಗ್ರಿ ಮುಂಚೆಯೇ ಕುದಿಯುತ್ತೆ, ಹಾಗಾಗಿ ಬೇಳೆ ಎಷ್ಟು ಕುದಿಸಿದರೂ ಬೇಗ ಮೆತ್ತಗಾಗದು. ಮುದ್ದೆಯನ್ನೂ ಮಂಡ್ಯದ ಹೊತ್ತಿನ ಲೆಕ್ಕದಲ್ಲಿ ಇಳಿಸಿದರೆ ಹಸಿವಾಸನೆ ಉಳಿಯುತ್ತೆ, ಮುಚ್ಚಿ ಇನ್ನೂ ಸ್ವಲ್ಪ ಬೇಯಿಸಿ. ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಅಡುಗೆ ಹೆಚ್ಚಾಗಿ ಕರೆಂಟ್ ಒಲೆಯಲ್ಲಿ. ಗ್ಯಾಸ್ ನೆಚ್ಚಿಕೊಳ್ಳುವ ಹಾಗಿಲ್ಲ. 220 ವೋಲ್ಟ್, ನಮ್ಮ ಉಪಕರಣ ನಡೆಯುತ್ತವೆ, ಆದರೆ ಪ್ಲಗ್ ಎರಡು ದುಂಡು ಕಡ್ಡಿಯದು, ಅಡಾಪ್ಟರ್ ಬೇಕು. ಕರೆಂಟ್ ಹೋಗುತ್ತೆ, ಆದ್ದರಿಂದ ಬೆಳಿಗ್ಗೆಯೇ ಎರಡು ಹೊತ್ತಿಗೆ ಬೇಯಿಸಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಸಂತೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಟೊಮ್ಯಾಟೊ, ಹಸಿಮೆಣಸಿನಕಾಯಿ, ಆಲೂಗಡ್ಡೆ, ಕೋಸು, ಸೊಪ್ಪು ಎಲ್ಲ ಸಿಗುತ್ತೆ. ಬೆಣ್ಣೆಹಣ್ಣಂತೂ ಜಿಮ್ಮಾ ಕಡೆ ಯಥೇಚ್ಛ, ಬಾಳೆ, ಪರಂಗಿ, ಮಾವು ಕೂಡ. ಮಸೂರ, ಕಡಲೆ, ಬಟಾಣಿ ಬೇಳೆಗೆ ಕೊರತೆ ಇಲ್ಲ. ನನಗೆ ಅಲ್ಲಿ ಕಷ್ಟವಾಗಿದ್ದು ತೊಗರಿಬೇಳೆ, ತೆಂಗಿನಕಾಯಿ, ಕರಿಬೇವು. ಮಸೂರದಲ್ಲೇ ಸಾರು ಮಾಡಿದೆ, ಬೇಗ ಬೇಯುತ್ತೆ, ನಮ್ಮ ಪುಡಿ ಹಾಕಿದರೆ ಚೆನ್ನಾಗಿಯೇ ಇರುತ್ತೆ. ಮೆಂತ್ಯ, ಓಮ, ಜೀರಿಗೆ, ಒಣಮೆಣಸಿನಕಾಯಿ ಅಲ್ಲಿಯವರೂ ಬಳಸುತ್ತಾರೆ, ಅದನ್ನೆಲ್ಲ ಇಲ್ಲಿಂದ ಹೊರಬೇಡಿ. ಅವರ ಮೊಸರಿಗೆ ಎರ್ಗೊ ಅನ್ನುತ್ತಾರೆ, ಒಮ್ಮೆ ತಂದು ಹೆಪ್ಪು ಉಳಿಸಿಕೊಂಡರೆ ಮನೆಯಲ್ಲೇ ಮೊಸರು. ಚಳಿ ಇರುವುದರಿಂದ ರಾತ್ರಿ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಡಿ. ಇಡ್ಲಿ ಹಿಟ್ಟೂ ಹಾಗೇ, ಉಬ್ಬಲು ಇಲ್ಲಿಗಿಂತ ಹೊತ್ತು ಹಿಡಿಯುತ್ತೆ.

ಅತ್ತೆಯವರ ಪಟ್ಟಿಯಲ್ಲಿ ನಾನು ಉಳಿಸುವುದು: ರಾಗಿ ಹಿಟ್ಟು ಒಂದೆರಡು ಕೆಜಿ, ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಒಣಗಿಸಿದ ಕರಿಬೇವು, ಸ್ವಲ್ಪ ತೊಗರಿಬೇಳೆ, ಮತ್ತೆ ಫಿಲ್ಟರ್ ಪಾತ್ರೆ. ಉಪ್ಪಿನಕಾಯಿ ಗಾಜಿನ ಭರಣಿಯಲ್ಲಿ ಬೇಡ.

ಮೇಷ್ಟ್ರು ಡಬ್ಬಿ ಬೇಡ ಅಂದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮೊದಲ ಎರಡು ವಾರ ಮನೆಯ ಅನ್ನ ಸಾರು ತಿನ್ನಿ. ಹೊಸ ನೀರು, ಹೊಸ ಎತ್ತರ, ಹೊಸ ಕೆಲಸ ಎಲ್ಲ ಒಟ್ಟಿಗೆ ಬಂದಾಗ ಊಟ ಒಂದಾದರೂ ಗೊತ್ತಿರುವುದಾಗಿರಲಿ. ಆಮೇಲೆ ಎಲ್ಲರ ತಟ್ಟೆಗೂ ಕೈ ಹಾಕಿ.

ಸರಸ್ವತಿಪುರಂ ಮೇಷ್ಟ್ರು

ಅಮ್ಮಾ, ರಾತ್ರಿಯ ಊಟಕ್ಕೆ ನಿಮ್ಮ ಮಾತು ಒಪ್ಪುತ್ತೇನೆ, ಮಧ್ಯಾಹ್ನಕ್ಕೆ ಒಪ್ಪಲಾರೆ. ಮೊದಲ ಎರಡು ವಾರದಲ್ಲೇ ಯಾರ ಜೊತೆ ಕೂರುತ್ತೀರಿ ಅನ್ನುವುದು ಗಟ್ಟಿಯಾಗಿಬಿಡುತ್ತೆ. ಇಂಜೆರಾ ಒಗ್ಗದಿದ್ದರೆ ಬ್ರೆಡ್ಡು ತಿನ್ನಲಿ, ಪಾಸ್ತಾ ತಿನ್ನಲಿ, ಇಟಲಿಯವರ ಪ್ರಭಾವದಿಂದ ಪಾಸ್ತಾ ಎಲ್ಲಾ ಕಡೆ ಸಿಗುತ್ತೆ. ಕೂರುವುದು ಮಾತ್ರ ಅವರ ಜೊತೆಯೇ.

ನಂಜನಗೂಡಿನವನು, ಈಗ ಜಿಮ್ಮಾದಲ್ಲಿ

ಮೇಡಂ, ಸ್ವಾಗತ. ಇಲ್ಲಿಂದಲೇ ಬರೆಯುತ್ತಿದ್ದೇನೆ. ಊಟದ ಬಗ್ಗೆ ಹಿರಿಯರು ಹೇಳಿದ್ದಾರೆ, ನಾನು ಗಡಿಯಾರದ ಬಗ್ಗೆ ಹೇಳುತ್ತೇನೆ, ಮೊದಲ ದಿನವೇ ಬೇಕಾಗುತ್ತೆ.

ಇಲ್ಲಿ ದಿನದ ಲೆಕ್ಕ ಸೂರ್ಯೋದಯದಿಂದ ಶುರು. ನಮ್ಮ ಬೆಳಿಗ್ಗೆ ಏಳು ಇವರಿಗೆ ಒಂದು ಗಂಟೆ. ವಿದ್ಯಾರ್ಥಿ "ಮೂರು ಗಂಟೆಗೆ ಬರಲಾ" ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಬಾಗಿಲಲ್ಲಿ ನಿಂತಿರುತ್ತಾನೆ. ಪರೀಕ್ಷೆಯ ಹೊತ್ತು ಹೇಳುವಾಗ ಯಾವ ಲೆಕ್ಕ ಅಂತ ಕರಿಹಲಗೆಯ ಮೇಲೆ ಬರೆದು ಹೇಳಿ. ಪಂಚಾಂಗವೂ ಬೇರೆ: ಮೂವತ್ತು ದಿನದ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನದ ಹದಿಮೂರನೇ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ನಮ್ಮ 2025ರ ಸೆಪ್ಟೆಂಬರಿನಲ್ಲಿ ಇಲ್ಲಿ 2018 ಶುರುವಾಯಿತು. ಮನೆ ಬಾಡಿಗೆಯ ಕಾಗದದಲ್ಲಿ ಎರಡೂ ತಾರೀಕು ಬರೆಸಿಕೊಳ್ಳಿ.

ಹೆಸರಿನ ವಿಷಯ ನಮಗೆ ಸುಲಭ. ಮನೆತನದ ಹೆಸರು ಅಂತ ಇಲ್ಲ, ತನ್ನ ಹೆಸರು, ಆಮೇಲೆ ಅಪ್ಪನ ಹೆಸರು. ದೊಡ್ಡ ಪ್ರೊಫೆಸರನ್ನೂ ಅವರ ಸ್ವಂತ ಹೆಸರಿಗೆ ಡಾಕ್ಟರ್ ಸೇರಿಸಿ ಕರೆಯುತ್ತಾರೆ.

ತರಗತಿಯಲ್ಲಿ ಒಂದು ಗಮನಿಸಿ. ಪ್ರಶ್ನೆ ಕೇಳಿದಾಗ ಕೆಲವರು ಉಸಿರು ಒಳಕ್ಕೆ ಎಳೆದು "ಹಾ" ಅಂತ ಸಣ್ಣ ಸದ್ದು ಮಾಡುತ್ತಾರೆ. ಗಾಬರಿ ಬಿದ್ದರೇನೋ ಅನ್ನಿಸುತ್ತೆ, ಅದು ಹೌದು ಅಂತ ಅರ್ಥ. ನಾವು ತಲೆ ಆಡಿಸಿ ಹೌದು ಅಂದರೆ ಅವರಿಗೆ ಇಲ್ಲ ಅಂದಂತೆ ಕಾಣುತ್ತೆ, ಬಾಯಲ್ಲೇ ಹೇಳಿ. ಪಾಠ ಇಂಗ್ಲಿಷಿನಲ್ಲೇ, ಆದರೆ ಹಳ್ಳಿಯಿಂದ ಬಂದ ಮಕ್ಕಳಿಗೆ ನಮ್ಮ ಉಚ್ಚಾರಣೆ ಹಿಡಿಯಲು ಹೊತ್ತು ಬೇಕು. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ಮಕ್ಕಳಿಗೆ ನೀವು ಹೇಗೆ ನಿಧಾನವಾಗಿ, ಬರೆದು ತೋರಿಸಿ ಕಲಿಸಿರುತ್ತೀರೋ ಹಾಗೇ ಕಲಿಸಿ. ಅಂಥ ಮೇಷ್ಟ್ರನ್ನು ಈ ಮಕ್ಕಳು ಮರೆಯುವುದಿಲ್ಲ.

ಸಂಬಳದ ಬಗ್ಗೆ ಕೇಳಿಲ್ಲ, ಆದರೂ ಹೇಳಲೇಬೇಕು. 2024ರ ಜುಲೈ ಕೊನೆಯಲ್ಲಿ ಸರ್ಕಾರ ಇಲ್ಲಿನ ಹಣವಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು, ಡಾಲರಿಗೆ ಐವತ್ತೇಳರ ಹತ್ತಿರ ಇದ್ದದ್ದು ಬೇಗನೆ ನೂರು ದಾಟಿತು. ಕರಾರಿನಲ್ಲಿ ಸಂಬಳ ಡಾಲರಿನಲ್ಲಿ ನಿಗದಿಯೋ ಬಿರ್‌ನಲ್ಲೋ, ಎಷ್ಟು ಪಾಲು ಊರಿಗೆ ಕಳಿಸಬಹುದು, ಇದನ್ನು ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಓಡಾಟಕ್ಕೆ ಆಟೋ ಇದೆ. ಇಲ್ಲಿ ಆಟೋಗೆ ಬಜಾಜ್ ಅಂತಲೇ ಹೆಸರು, ನಮ್ಮ ಬಜಾಜ್ ಕಂಪನಿಯದೇ ಗಾಡಿ.

ಗಣಿತದ ಮೇಡಂ, ಮಂಡ್ಯ

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಸಂಬಳದ ಕಾಗದ ಮತ್ತೆ ತೆಗೆದು ನೋಡಿದೆ, ಸ್ಪಷ್ಟವಾಗಿಲ್ಲ, ಇವತ್ತೇ ಪತ್ರ ಬರೆಯುತ್ತೇನೆ.

ಇನ್ನೊಂದು ಕೇಳಬೇಕು. ಸಂಜೆ ಹೊತ್ತು ಏನು ಮಾಡುತ್ತೀರಿ? ಕೆಲಸ ಇರುವ ತನಕ ತೊಂದರೆ ಇಲ್ಲ. ಮನೆಗೆ ಬಂದು ಬೀಗ ತೆಗೆದ ಮೇಲಿನ ಹೊತ್ತು ನೆನೆಸಿಕೊಂಡರೆ ನನಗೆ ಎದೆ ಭಾರವಾಗುತ್ತೆ. ಮಗಳ ಓದಿನ ಹೊತ್ತಿಗೆ ನಾನು ಪಕ್ಕದಲ್ಲಿ ಇರುವುದಿಲ್ಲ.

ನಂಜನಗೂಡಿನವನು, ಈಗ ಜಿಮ್ಮಾದಲ್ಲಿ

ಅಕ್ಕ, ಊರಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ, ನಾವು ಹಿಂದೆ. ನೀವು ಸಂಜೆ ಆರೂವರೆಗೆ ಮನೆ ಸೇರಿದರೆ ಮಂಡ್ಯದಲ್ಲಿ ರಾತ್ರಿ ಒಂಬತ್ತು. ಮಗಳು ಗಣಿತ ಮಾಡುವ ಹೊತ್ತಿಗೆ ಫೋನು ಮೇಜಿನ ಮೇಲೆ ನಿಲ್ಲಿಸಿಕೊಂಡು ಇಬ್ಬರೂ ನಿಮ್ಮ ನಿಮ್ಮ ಕೆಲಸ ಮಾಡಬಹುದು. ಮಾತೇ ಆಡಬೇಕೆಂದಿಲ್ಲ. ನಾನು ಮಗನ ಜೊತೆ ಹಾಗೇ ಮಾಡುತ್ತೇನೆ. ಇಂಟರ್ನೆಟ್ ಕೈ ಕೊಡುವ ದಿನಗಳು ಬರುತ್ತವೆ, ಅದನ್ನು ಮಗಳಿಗೆ ಮುಂಚೆಯೇ ಹೇಳಿಟ್ಟಿರಿ, ಗಾಬರಿಯಾಗಬಾರದು.

ಕುವೆಂಪುನಗರದ ಅಡುಗೆಮನೆ

ಸಂಜೆಗೆ ಉತ್ತರ ಕಾಫಿ. ಪಕ್ಕದ ಮನೆಯವರು ಕರೆದೇ ಕರೆಯುತ್ತಾರೆ, ಹೋಗಿ. ನೆಲದ ಮೇಲೆ ಹಸಿ ಹುಲ್ಲು ಹರಡಿ, ಧೂಪ ಹಾಕಿ, ನಿಮ್ಮ ಎದುರಿಗೇ ಹಸಿರು ಕಾಫಿ ಬೀಜ ತೊಳೆದು ಹುರಿದು ಪುಡಿ ಮಾಡಿ ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಹುರಿದ ಬೀಜದ ಹೊಗೆಯನ್ನು ಒಬ್ಬೊಬ್ಬರ ಮುಂದೆ ತಂದು ಹಿಡಿಯುತ್ತಾರೆ. ಮೂರು ಸುತ್ತು ಕೊಡುತ್ತಾರೆ: ಅಬೋಲ್, ತೋನಾ, ಬರಕಾ. ಒಂದು ಲೋಟ ಕುಡಿದು ಎದ್ದು ಬರುವುದು ಮರ್ಯಾದೆ ಅಲ್ಲ. ಜೊತೆಗೆ ಹುರಿದ ಬಾರ್ಲಿ ಕಾಳು ಕೊಡುತ್ತಾರೆ, ಕೋಲೊ ಅಂತ, ನಮ್ಮ ಹುರಿಗಾಳಿನ ಹಾಗೆ ಬಾಯಾಡಿಸುತ್ತಾ ಕೂರಬಹುದು. ಒಂದು ಗಂಟೆಯ ಮೇಲೆ ಹಿಡಿಯುತ್ತೆ, ಅಷ್ಟೂ ಹೊತ್ತು ಮಾತು.

ಕಾಫಿ ಗಿಡದ ಮೂಲ ಆ ನೈಋತ್ಯ ಇಥಿಯೋಪಿಯಾದ ಕಾಡುಗಳೇ, ಕಾಫಾ ಸೀಮೆ ಜಿಮ್ಮಾದ ಪಕ್ಕದಲ್ಲೇ ಇದೆ. ಯೆಮೆನ್‌ನಿಂದ ಬಾಬಾಬುಡನ್ ತಂದರು ಅಂತ ನಾವು ಹೇಳುವ ಕಾಫಿ ಯೆಮೆನ್ ಸೇರಿದ್ದು ಆ ಕಡೆಯಿಂದಲೇ. ಹಾಲು ಹಾಕುವುದಿಲ್ಲ, ಚಿಕೋರಿ ಇಲ್ಲ. ಹಳ್ಳಿ ಕಡೆ ಉಪ್ಪನ್ನೋ ಬೆಣ್ಣೆಯನ್ನೋ ಹಾಕುವವರಿದ್ದಾರೆ. ನಾನು ಭಾಷೆ ಕಲಿತದ್ದು ಆ ಹುಲ್ಲಿನ ಮೇಲೆ ಕೂತು. ಪಕ್ಕದ ಮನೆಯವರನ್ನು ಒಂದು ದಿನ ನಮ್ಮ ಮನೆಗೆ ಕರೆದು ಫಿಲ್ಟರ್ ಕಾಫಿ, ಉಪ್ಪಿಟ್ಟು ಕೊಟ್ಟೆ. ಆಮೇಲೆ ಆ ಮನೆಯ ಹೆಣ್ಣುಮಗಳು ನನ್ನನ್ನು ಅಕ್ಕನ ಹಾಗೆ ನೋಡಿಕೊಂಡಳು, ಮಗುವಿಗೆ ಜ್ವರ ಬಂದ ರಾತ್ರಿ ಗಾಡಿ ಹುಡುಕಿಕೊಟ್ಟವಳು ಅವಳೇ. ಫಿಲ್ಟರ್ ಪಾತ್ರೆ ಪಟ್ಟಿಯಲ್ಲಿ ಇಟ್ಟಿದ್ದು ಅದಕ್ಕೇ.

ಪಾಂಡವಪುರದ ಹೈದ

ಅಕ್ಕಾ, ಆ ಮನೆಯೋರ್ಗೆ ಹಿಟ್ಟೂ ತೊಳಸಿ ಕೊಡಿ. ಮರ್ಕಾ ಉಣ್ಣೋರ್ಗೆ ಉಪ್ಸಾರು ಸೇರ್ದೆ ಇರಕಿಲ್ಲ.

ನರ್ಸಕ್ಕ, ಮೈಸೂರು

ಎಲ್ಲರೂ ಊಟದ ಬಗ್ಗೆ ಬರೆದಿದ್ದಾರೆ, ಔಷಧಿಯ ಬಗ್ಗೆ ಯಾರೂ ಬರೆದಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು, ಬೆಂಗಳೂರಿನಲ್ಲಿದೆ. ಹಾಕಿಸಿದ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಆದ್ದರಿಂದ ಕೊನೆಯ ವಾರಕ್ಕೆ ಬಿಡಬೇಡಿ. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ನಡೆಯುತ್ತೆ.

ಎತ್ತರದ ಊರು ಅಂತ ಸೊಳ್ಳೆಯ ವಿಷಯದಲ್ಲಿ ಉದಾಸೀನ ಬೇಡ. ಆ ದೇಶದಲ್ಲಿ 2,000 ಮೀಟರಿಗಿಂತ ಕೆಳಗಿನ ಊರುಗಳಲ್ಲಿ ಮಲೇರಿಯಾ ಇದೆ, ಜಿಮ್ಮಾ ಅದರೊಳಗೆ ಬರುತ್ತೆ. ಸೊಳ್ಳೆಪರದೆ ಕಟ್ಟಿಕೊಂಡು ಮಲಗಿ, ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ನೀರು ಎತ್ತರದಲ್ಲಿ ಬೇಗ ಕುದಿ ಬಂದಂತೆ ಕಾಣುತ್ತೆ, ಕುದಿ ಬಂದ ಮೇಲೆ ಇನ್ನೂ ಮೂರು ನಿಮಿಷ ಬಿಟ್ಟು ಇಳಿಸಿ.

ಗಣಿತದ ಮೇಡಂ, ಮಂಡ್ಯ

ಬರೆದುಕೊಂಡೆ ಅಕ್ಕ. ಮುಂದಿನ ವಾರವೇ ಬೆಂಗಳೂರಿಗೆ ಹೋಗುತ್ತೇನೆ. ಅತ್ತೆಯವರ ಪಟ್ಟಿ ಅರ್ಧ ಆಗಿದೆ, ಹುಚ್ಚೆಳ್ಳು ಪುಡಿ ಮಾತ್ರ ಬಿಡಲು ಒಪ್ಪುತ್ತಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ವಿಭಾಗದವರ ಜೊತೆ, ರಾತ್ರಿ ಮನೆಯಲ್ಲಿ, ಹೀಗೆ ಶುರು ಮಾಡುತ್ತೇನೆ. ಹಳದಿ ಜ್ವರದ ಕಾಗದ ಅಡಿಸ್ ಅಬಾಬಾದಲ್ಲಿ ಇಳಿದಾಗ ಕೇಳುತ್ತಾರಾ?

ನರ್ಸಕ್ಕ, ಮೈಸೂರು

ಅಲ್ಲಿ ಕೇಳಲಿ ಬಿಡಲಿ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಇಥಿಯೋಪಿಯಾದಿಂದ ಬರುವವರ ಹತ್ತಿರ ಅದು ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪಾಸ್‌ಪೋರ್ಟಿನ ಜೊತೆಗೇ ಇಡಿ, ಒಂದು ಪ್ರತಿ ಯಜಮಾನರ ಹತ್ತಿರ ಕೊಟ್ಟು ಹೋಗಿ.